ನ್ಯೂಯಾರ್ಕ್‌ನಲ್ಲಿ ಬೆಂಕಿ ಕರೆ ಬಂದರೆ ಯಾವ ಎಂಜಿನ್, ಯಾವ ಲ್ಯಾಡರ್ ಹೊರಡಬೇಕೆಂದು ಯಾರು ತೀರ್ಮಾನಿಸುತ್ತಾರೆ?

ಹೊಂಗೆಮರ

ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ ರೇಡಿಯೊವನ್ನು ಅಂತರ್ಜಾಲದಲ್ಲಿ ಕೇಳುತ್ತಾ ಕೂತರೆ ಮೂರು ಪ್ರಶ್ನೆ ಏಳುತ್ತವೆ. ಮನೆಯೊಂದರಲ್ಲಿ ಹೊಗೆ ಎಂಬ ಒಂದೇ ಕರೆಗೆ ಮೂರು ಎಂಜಿನ್, ಎರಡು ಲ್ಯಾಡರ್, ಒಬ್ಬ ಬೆಟಾಲಿಯನ್ ಚೀಫ್ (ಹಲವು ಗಾಡಿಗಳ ಮೇಲಧಿಕಾರಿ) ಯಾಕೆ? ಕರೆ ಬಂದದ್ದು ಫೋನಿನಲ್ಲಾದರೂ ಪ್ರತಿ ಸಲ ಒಂದು ಬಾಕ್ಸ್ ಸಂಖ್ಯೆ ಯಾಕೆ ಹೇಳುತ್ತಾರೆ? ಇನ್ನೊಂದು, ದೊಡ್ಡ ಬೆಂಕಿ ಇದ್ದಾಗ ದೂರದ ಕೆಲವು ಕಂಪನಿಗಳನ್ನು (ಕಂಪನಿ ಅಂದರೆ ಒಂದು ಗಾಡಿ ಮತ್ತು ಅದರ ಸಿಬ್ಬಂದಿ) ಬೆಂಕಿಯ ಕಡೆಗೆ ಕಳಿಸದೆ ಖಾಲಿಯಾದ ಬೇರೆ ಠಾಣೆಗೆ ಕಳಿಸಿ ಕೂರಿಸುತ್ತಾರಲ್ಲ, ಅದರ ಲೆಕ್ಕ ಏನು? ನಮ್ಮೂರಲ್ಲಿ ಒಂದು ವಾಟರ್ ಟೆಂಡರ್ ಬಂದು ಎಲ್ಲ ಕೆಲಸವನ್ನೂ ಮಾಡುತ್ತದೆ. ಗೊತ್ತಿದ್ದವರು ಬಿಡಿಸಿ ಬರೆಯಿರಿ.

ಗಂಟೆಗೋಪುರ

ಮೊದಲ ಪ್ರಶ್ನೆಯಿಂದ ಶುರು ಮಾಡೋಣ, ಉಳಿದೆರಡಕ್ಕೂ ಅದೇ ತಳಹದಿ.

ಎಂಜಿನ್ ಕಂಪನಿಯದು ನೀರಿನ ಕೆಲಸ. ಪಂಪು, ಹೋಸು, ಸುಮಾರು 500 ಗ್ಯಾಲನ್ ಅಂದರೆ 1,900 ಲೀಟರ್ ನೀರಿನ ಟ್ಯಾಂಕು. ಒಂದೂಮುಕ್ಕಾಲು ಇಂಚಿನ ಹೋಸ್ ನಿಮಿಷಕ್ಕೆ 180 ಗ್ಯಾಲನ್ ಹೊರಹಾಕಿದರೆ ಆ ಟ್ಯಾಂಕು ಮೂರು ನಿಮಿಷವೂ ಬಾಳುವುದಿಲ್ಲ. ಎರಡೂವರೆ ಇಂಚಿನ ಹೋಸ್ ಹಿಡಿದರೆ ಎರಡೇ ನಿಮಿಷ. ಅಷ್ಟರೊಳಗೆ ಬೀದಿಬದಿಯ ನೀರಿನ ಕೊಳಾಯಿಯಾದ ಹೈಡ್ರಂಟ್‌ನಿಂದ ನೀರು ಬರಲೇಬೇಕು.

ಲ್ಯಾಡರ್ ಕಂಪನಿಗೆ ಬೀಗ ಒಡೆಯುವುದು, ಒಳಗೆ ಸಿಕ್ಕಿಕೊಂಡವರನ್ನು ಹುಡುಕುವುದು, ಚಾವಣಿ ಮತ್ತು ಕಿಟಕಿ ತೆರೆದು ಹೊಗೆ ಬಿಡುವುದು, ಏಣಿ ಹಾಕುವುದು. ನ್ಯೂಯಾರ್ಕ್‌ನಲ್ಲಿ ಲ್ಯಾಡರ್ ಗಾಡಿಯಲ್ಲಿ ಒಬ್ಬ ಅಧಿಕಾರಿ, ಐವರು ಸಿಬ್ಬಂದಿ. ಒಬ್ಬನ ಕೈಯಲ್ಲಿ ಕೊಡಲಿ ಮತ್ತು ಬಾಗಿಲು ಮೀಟುವ ಹ್ಯಾಲಿಗನ್ ಸಲಾಕೆ, ಇನ್ನೊಬ್ಬನ ಬಳಿ ಎರಡೂವರೆ ಗ್ಯಾಲನ್ ನೀರಿನ ಕ್ಯಾನು. ಒಬ್ಬ ಚಾವಣಿಗೆ, ಒಬ್ಬ ಹೊರಗಿನ ಕಿಟಕಿಗೆ, ಇನ್ನೊಬ್ಬ ಚಾಲಕ. ಯಾರು ಎಲ್ಲಿಗೆ ಎಂಬುದು ಪಾಳಿಯ ಆರಂಭದಲ್ಲೇ ನಿಗದಿ.

ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಕೆಲಸ ಕೆಡುತ್ತದೆ. ಎಂಜಿನ್ ಮಾತ್ರ ಬಂದರೆ ಹೋಸ್ ಹಿಡಿದವರು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ಲ್ಯಾಡರ್ ಮಾತ್ರ ಬಂದರೆ ಒಳಗೆ ಹುಡುಕುವವರಿಗೆ ನೀರಿನ ರಕ್ಷಣೆ ಇರುವುದಿಲ್ಲ, ತೆರೆದ ಕಿಟಕಿಯಿಂದ ಗಾಳಿ ನುಗ್ಗಿ ಬೆಂಕಿ ಜೋರಾಗುತ್ತದೆ.

ಸಂಖ್ಯೆ ಎಷ್ಟು ಮುಖ್ಯವೋ ಸರದಿಯೂ ಅಷ್ಟೇ ಮುಖ್ಯ. ಮೊದಲ ಎಂಜಿನ್ ಮೊದಲ ಹೋಸ್ ಎಳೆಯಬೇಕು, ಎರಡನೆಯದು ಅದೇ ಹೋಸ್ ಬೇಗ ಮೇಲೇರಲು ಕೈಜೋಡಿಸಿ ನೀರಿನ ಪೂರೈಕೆ ಖಚಿತ ಮಾಡಿಕೊಳ್ಳಬೇಕು. ಎರಡನೆಯ ಹೋಸ್ ಆಮೇಲೆ ಬಂದವರ ಪಾಲು. ಮೊದಲ ಲ್ಯಾಡರ್ ಬೆಂಕಿ ಇರುವ ಮಹಡಿಗೆ, ಎರಡನೆಯದು ಅದರ ಮೇಲಿನ ಮಹಡಿಗಳಿಗೆ. ನೀನು ಎಷ್ಟನೆಯವನು ಎಂಬುದು ಠಾಣೆ ಬಿಡುವ ಮುಂಚೆಯೇ ತಿಳಿದಿದ್ದರೆ ರಸ್ತೆಯಲ್ಲಿ ಚರ್ಚೆ ಬೇಕಿಲ್ಲ. ಗಾಡಿ ನಿಲ್ಲಿಸುವ ಜಾಗವೂ ಇದರಿಂದಲೇ ತೀರ್ಮಾನವಾಗುತ್ತದೆ. ಮೊದಲ ಎಂಜಿನ್ ಕಟ್ಟಡದ ಮುಂದೆ ನಿಲ್ಲದೆ ಸ್ವಲ್ಪ ಮುಂದೆ ಹೋಗಬೇಕು. ಹೋಸಿಗೆ ಇನ್ನೊಂದು 50 ಅಡಿ ಸೇರಿಸಬಹುದು, ಏಣಿಗೆ ಸೇರಿಸಲಾಗದು.

ತಂತಿಮನೆ

ಬಾಕ್ಸ್ ಸಂಖ್ಯೆಯ ಪ್ರಶ್ನೆಗೆ ನನ್ನ ಉತ್ತರ.

ಬಾಕ್ಸ್ ಅಂದರೆ ಬೆಂಕಿ ಸುದ್ದಿ ಕಳಿಸಲು ಬೀದಿಯಲ್ಲಿಟ್ಟ ಪೆಟ್ಟಿಗೆ, ಅದರ ಸಂಖ್ಯೆಯೇ ಜಾಗದ ಗುರುತು. ಇಂಥ ಟೆಲಿಗ್ರಾಫ್ ಪೆಟ್ಟಿಗೆಗಳ ಜಾಲ ಮೊದಲು ಬಂದದ್ದು ಬಾಸ್ಟನ್‌ನಲ್ಲಿ, 1852ರಲ್ಲಿ. ರೂಪಿಸಿದವರು ವಿಲಿಯಂ ಚಾನಿಂಗ್ ಮತ್ತು ಮೋಸೆಸ್ ಫಾರ್ಮರ್. ಮುಂದೆ ಹಕ್ಕು ಕೊಂಡ ಜಾನ್ ಗೇಮ್‌ವೆಲ್ ಅದನ್ನು ದೇಶದ ಉದ್ದಗಲಕ್ಕೂ ಮಾರಿದರು. ಆರಂಭದ ಪೆಟ್ಟಿಗೆಗಳಲ್ಲಿ ಕೈಯಿಂದ ತಿರುಗಿಸುವ ಹಿಡಿಕೆ ಇತ್ತು. ಗಾಬರಿಯಲ್ಲಿ ಜೋರಾಗಿ ತಿರುಗಿಸಿದರೆ ಸಂಖ್ಯೆ ಕಲಸಿಹೋಗುತ್ತಿತ್ತು. ಆಮೇಲೆ ಸ್ಪ್ರಿಂಗ್ ಯಂತ್ರ ಬಂತು: ಕೊಕ್ಕೆ ಎಳೆದು ಬಿಟ್ಟರೆ ಸಾಕು, ಒಳಗಿನ ಹಲ್ಲುಚಕ್ರ ತನ್ನದೇ ವೇಗದಲ್ಲಿ ತಿರುಗುತ್ತದೆ. ತಂತಿಯಲ್ಲಿ ಸದಾ ಹರಿಯುತ್ತಿರುವ ವಿದ್ಯುತ್ತನ್ನು ಪ್ರತಿ ಹಲ್ಲೂ ಒಮ್ಮೆ ಕಡಿಯುತ್ತದೆ. 2358 ಎಂಬ ಬಾಕ್ಸ್ ಎರಡು ಬಡಿತ, ಬಿಡುವು, ಮೂರು, ಬಿಡುವು, ಐದು, ಬಿಡುವು, ಎಂಟು ಎಂದು ಕಳಿಸಿ, ಅದನ್ನೇ ಕೆಲವು ಸುತ್ತು ಮತ್ತೆ ಹೇಳುತ್ತದೆ.

ಸದಾ ವಿದ್ಯುತ್ ಹರಿಯಬೇಕೆಂಬ ಆಯ್ಕೆಯಲ್ಲಿ ವಿವೇಕವಿದೆ. ತಂತಿ ಎಲ್ಲಿಯಾದರೂ ತುಂಡಾದರೆ ಕಚೇರಿಗೆ ತಕ್ಷಣ ತಿಳಿಯುತ್ತದೆ, ಬೆಂಕಿ ಬಿದ್ದ ದಿನ ತಿಳಿಯುವುದಲ್ಲ. ಒಂದೇ ತಂತಿಯ ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ಎಳೆದಾಗ ಬಡಿತಗಳು ಬೆರೆತು ಇಲ್ಲದ ಮೂರನೆಯ ಸಂಖ್ಯೆ ಹುಟ್ಟುತ್ತಿತ್ತು. ಒಂದು ಮುಗಿಯುವವರೆಗೆ ಇನ್ನೊಂದು ಕಾಯುವ ಪೆಟ್ಟಿಗೆಗಳು ಬಂದ ಮೇಲೆ ಅದು ನಿಂತಿತು.

ಸಂಖ್ಯೆ ತಪ್ಪಿದರೆ ಆಗುವ ಹಾನಿಗೆ 1871ರ ಅಕ್ಟೋಬರ್ 8ರ ರಾತ್ರಿಯ ಷಿಕಾಗೊ ದಾಖಲಾದ ಉದಾಹರಣೆ. ನ್ಯಾಯಾಲಯದ ಗೋಪುರದ ಕಾವಲುಗಾರ ಬೆಳಕು ಕಂಡು ಬಾಕ್ಸ್ 342 ಹೊಡೆಯಲು ಹೇಳಿದ. ಅದು ಬೆಂಕಿಯಿಂದ ಸುಮಾರು ಒಂದು ಮೈಲಿ ಆಚೆಗಿನ ಜಾಗ. ತಪ್ಪು ಅರಿವಾಗಿ 319 ಹೊಡೆಯಲು ಕೇಳಿದಾಗ, ಎರಡನೆಯ ಸಂಖ್ಯೆ ಗೊಂದಲ ಮಾಡುತ್ತದೆಂದು ಟೆಲಿಗ್ರಾಫ್ ನಿರ್ವಾಹಕ ಒಪ್ಪಲಿಲ್ಲ. ನಗರ ಸುಟ್ಟದ್ದು ಇದೊಂದರಿಂದಲೇ ಅಲ್ಲ; ಬರ, ಗಾಳಿ, ಮರದ ಮನೆ, ಹಿಂದಿನ ದಿನದ ಬೆಂಕಿಯಿಂದ ದಣಿದಿದ್ದ ಸಿಬ್ಬಂದಿ ಎಲ್ಲವೂ ಸೇರಿದ್ದವು. ಆದರೂ ಮೊದಲ ನಿಮಿಷಗಳು ಹೋದದ್ದು ಇಲ್ಲಿ.

ಹೊಂಗೆಮರ

ಗಂಟೆ ಬಡಿದರೆ ಎಲ್ಲ ಠಾಣೆಗೂ ಕೇಳಿಸುತ್ತಿತ್ತಲ್ಲವೆ? ಯಾರು ಹೊರಡಬೇಕೆಂದು ಹೇಗೆ ತಿಳಿಯುತ್ತಿತ್ತು?

ಗಂಟೆಗೋಪುರ

ಕಾರ್ಡಿನಿಂದ. ಪ್ರತಿ ಬಾಕ್ಸಿಗೂ ಒಂದು ಅಸೈನ್‌ಮೆಂಟ್ ಕಾರ್ಡ್. ಮೊದಲ ಸಾಲಿನಲ್ಲಿ ಮೊದಲ ಅಲಾರಂಗೆ ಹೋಗಬೇಕಾದ ಎಂಜಿನ್‌ಗಳು ಸರದಿಯಂತೆ, ಪಕ್ಕದಲ್ಲಿ ಲ್ಯಾಡರ್‌ಗಳು, ಚೀಫ್. ಕೆಳಗೆ ಇನ್ನಷ್ಟು ಗಾಡಿ ಬೇಕಾದಾಗ ಕೊಡುವ ಎರಡನೆಯ ಅಲಾರಂ, ಮೂರನೆಯದು, ಹೀಗೆ. ಬಲಗಡೆ ಯಾವ ಕಂಪನಿ ಯಾವ ಖಾಲಿ ಠಾಣೆಗೆ ಸರಿಯಬೇಕೆಂಬ ರಿಲೊಕೇಶನ್ ಪಟ್ಟಿ.

ಠಾಣೆಯ ಕಾವಲು ಪಾಳಿಯವನು ಬಡಿತ ಎಣಿಸಿ ಕಾರ್ಡ್ ನೋಡುತ್ತಾನೆ. ತಮ್ಮ ಕಂಪನಿ ಅದರಲ್ಲಿದ್ದರೆ ಹೊರಡುವ ಗಂಟೆ ಒತ್ತುತ್ತಾನೆ, ಇಲ್ಲದಿದ್ದರೆ ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಾನೆ. ಪ್ರತಿ ಠಾಣೆಯೂ ತನ್ನ ಸರದಿಯನ್ನು ತಾನೇ ಓದಿಕೊಳ್ಳುತ್ತಿತ್ತು. ಬೇರೆಯವರ ಸಂಖ್ಯೆಯೂ ಕಿವಿಗೆ ಬೀಳುತ್ತಿದ್ದುದರಿಂದ ಪಕ್ಕದ ಠಾಣೆ ಖಾಲಿಯಾಗಿದೆ, ಮುಂದಿನ ಕರೆ ನಮಗೇ ಎಂದು ಮೊದಲೇ ಗೊತ್ತಿರುತ್ತಿತ್ತು. ಇಂದು ಹೊರಡಬೇಕಾದವರ ಠಾಣೆಗಷ್ಟೇ ಮುದ್ರಿತ ಚೀಟಿ ಬರುತ್ತದೆ. ಆ ಹಿನ್ನೆಲೆ ಅರಿವು ಬೇಕಿದ್ದರೆ ರೇಡಿಯೊಗೆ ಕಿವಿಗೊಡಬೇಕು.

ಬಡಿತಗಳಿಗೇ ಒಂದು ಸಂಕೇತ ಭಾಷೆ ಬೆಳೆಯಿತು. ಎಂಜಿನ್‌ಗೆ 5, ಲ್ಯಾಡರ್‌ಗೆ 7, ಎರಡನೆಯ ಅಲಾರಂಗೆ 2-2, ಮೂರನೆಯದಕ್ಕೆ 3-3. ಬಂದವರೆಲ್ಲ ಕೆಲಸದಲ್ಲಿದ್ದಾರೆ ಎಂಬುದಕ್ಕೆ 7-5, ಅದೇ ಇವತ್ತಿನ ‘ಆಲ್ ಹ್ಯಾಂಡ್ಸ್’. ಕರ್ತವ್ಯದಲ್ಲಿ ಮಡಿದವರಿಗೆ 5-5-5-5 ಈಗಲೂ ಉಳಿದಿದೆ.

ಕುದುರೆಯ ಕಾಲದ ಇನ್ನೊಂದು ಮಿತಿ ಗಮನಿಸಿ. ನ್ಯೂಯಾರ್ಕ್‌ನಲ್ಲಿ ಕೊನೆಯ ಕುದುರೆ ಬಂಡಿ ನಿಂತದ್ದು 1922ರ ಡಿಸೆಂಬರ್ 20ರಂದು, ಬ್ರೂಕ್ಲಿನ್‌ನ ಎಂಜಿನ್ 205ರಲ್ಲಿ. ಭಾರದ ಬಂಡಿ ಎಳೆದು ಓಡುವ ಕುದುರೆ ಬೇಗ ದಣಿಯುತ್ತದೆ, ಆದ್ದರಿಂದ ಠಾಣೆಗಳು ಒತ್ತೊತ್ತಾಗಿ ಇರಬೇಕಿತ್ತು. ಹಳೆಯ ಬಡಾವಣೆಗಳಲ್ಲಿ ಇಂದಿಗೂ ಅವು ಹತ್ತಿರ ಹತ್ತಿರ ಇರಲು ಅದೂ ಒಂದು ಕಾರಣ.

ವರ್ಗಮೂಲ

ಕಾರ್ಡಿನ ವ್ಯವಸ್ಥೆಯಲ್ಲಿ ಅಡಗಿರುವ ಒಂದು ನಂಬಿಕೆ ಇದೆ: ಒಂದು ಪ್ರದೇಶದಲ್ಲಿ ಒಂದು ಹೊತ್ತಿಗೆ ಒಂದೇ ಬೆಂಕಿ. 1960ರ ದಶಕದ ಕೊನೆಗೆ ನ್ಯೂಯಾರ್ಕ್‌ನ ಬಡಾವಣೆಗಳಾದ ದಕ್ಷಿಣ ಬ್ರಾಂಕ್ಸ್, ಬ್ರೌನ್ಸ್‌ವಿಲ್‌ಗಳಲ್ಲಿ ಆ ನಂಬಿಕೆ ಕುಸಿಯಿತು. 1950ರ ದಶಕದ ಮಧ್ಯಕ್ಕೆ ಹೋಲಿಸಿದರೆ ನಗರದ ಅಲಾರಂಗಳು ಮೂರು ಪಟ್ಟಿಗೂ ಹೆಚ್ಚಾಗಿದ್ದವು, ಅದರಲ್ಲಿ ಸುಳ್ಳು ಕರೆಗಳ ಪಾಲು ದೊಡ್ಡದು. ಕಾರ್ಡಿನಲ್ಲಿರುವ ಮೂರು ಎಂಜಿನ್‌ಗಳೂ ಹೊರಗಿರುತ್ತಿದ್ದವು. ರಿಲೊಕೇಶನ್‌ಗೆ ಬರೆದಿಟ್ಟ ಕಂಪನಿಯೂ ಇನ್ನೊಂದು ಬೆಂಕಿಯಲ್ಲಿರುತ್ತಿತ್ತು. ಗಾಡಿಗಳನ್ನು ಕಳಿಸುವ ಡಿಸ್ಪ್ಯಾಚರ್ ಕಾರ್ಡ್ ಬದಿಗಿಟ್ಟು ಅಂದಾಜಿನ ಮೇಲೆ ನಡೆಸಬೇಕಾಯಿತು.

ನಗರಾಡಳಿತ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯನ್ನು ಕರೆಸಿ, 1969ರಲ್ಲಿ ನ್ಯೂಯಾರ್ಕ್ ಸಿಟಿ-ರ‍್ಯಾಂಡ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿತು. ಅಲ್ಲಿಂದ ಬಂದ ಸರಳ ಫಲಿತಾಂಶ ವರ್ಗಮೂಲ ನಿಯಮ: ಹತ್ತಿರದ ಗಾಡಿಯ ಸರಾಸರಿ ದೂರವು, ವಿಸ್ತೀರ್ಣವನ್ನು ಬಿಡುವಾಗಿರುವ ಗಾಡಿಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಚೌಕ ಬೀದಿಗಳ ಊರಿನಲ್ಲಿ ಗಾಡಿಗಳು ಯಾದೃಚ್ಛಿಕವಾಗಿ ಹರಡಿದ್ದರೆ ಗುಣಾಂಕ ಸುಮಾರು 0.63. ಇನ್ನೊಂದು ಸೂತ್ರ ಪ್ರಯಾಣದ ಸಮಯದ್ದು. ನಿಮಿಷಗಳಲ್ಲಿ ಸಮಯ = 0.65 + 1.7 × ಮೈಲಿಗಳಲ್ಲಿ ದೂರ. ಅಮೆರಿಕದಲ್ಲಿ ಇದು ಈಗಲೂ ಬಳಕೆಯಲ್ಲಿದೆ. ಎಂಜಿನ್‌ಗೆ ಒಂದೂವರೆ ಮೈಲಿ, ಲ್ಯಾಡರ್‌ಗೆ ಎರಡೂವರೆ ಮೈಲಿ ಎಂದು, ವಿಮೆಗಾಗಿ ಊರುಗಳ ಅಗ್ನಿರಕ್ಷಣೆಗೆ ಶ್ರೇಣಿ ಕೊಡುವವರು ಇಟ್ಟುಕೊಂಡ ಅಳತೆ ಇದರಲ್ಲಿ ಸುಮಾರು 3.2 ಮತ್ತು 4.9 ನಿಮಿಷ ಆಗುತ್ತದೆ.

ಒಂದು ಕಲ್ಪಿತ ಲೆಕ್ಕ ನೋಡಿ. 10 ಚದರ ಮೈಲಿ, 10 ಎಂಜಿನ್. ಪ್ರತಿ ಕರೆಗೆ 3 ಎಂಜಿನ್, ಪ್ರತಿಯೊಂದೂ 20 ನಿಮಿಷ ಹೊರಗೆ. ಬೆಳಗಿನ ಜಾವ ಗಂಟೆಗೆ 2 ಕರೆ ಬಂದರೆ ಸರಾಸರಿ 2 ಎಂಜಿನ್ ಹೊರಗಿದ್ದು 8 ಉಳಿಯುತ್ತವೆ. ಹತ್ತಿರದ್ದು ಸುಮಾರು 0.70 ಮೈಲಿ, 1.8 ನಿಮಿಷ. ಸಂಜೆ ಗಂಟೆಗೆ 8 ಕರೆ ಬಂದರೆ 8 ಹೊರಗೆ, ಉಳಿದದ್ದು ಎರಡೇ. ದೂರ 1.4 ಮೈಲಿ, 3 ನಿಮಿಷ. ಅದೇ ಸಂಜೆ ಕರೆಗೆ 3ರ ಬದಲು 2 ಕಳಿಸಿದರೆ ಬಿಡುವಾಗಿರುವವು ಸುಮಾರು 4.7. ಹತ್ತಿರದ್ದು 0.92 ಮೈಲಿಗೆ ಇಳಿದು 2.2 ನಿಮಿಷದಲ್ಲಿ ತಲುಪುತ್ತದೆ.

ಜನಕ್ಕೆ ಒಪ್ಪಿಸಲು ಕಷ್ಟವಾದದ್ದು ಇದೇ. ಪ್ರತಿ ಕರೆಗೂ ಹೆಚ್ಚು ಗಾಡಿ ಕಳಿಸಿದರೆ ಎಲ್ಲರಿಗೂ ಮೊದಲ ಗಾಡಿ ತಡವಾಗುತ್ತದೆ. ಸುಳ್ಳು ಕರೆ ಜಾಸ್ತಿ ಇರುವ ಹೊತ್ತಿನಲ್ಲಿ, ಅಂಥ ಬಾಕ್ಸ್‌ಗಳಿಗೆ ಕಡಿಮೆ ಗಾಡಿ ಕಳಿಸುವ ‘ಅಡಾಪ್ಟಿವ್ ರೆಸ್ಪಾನ್ಸ್’ ಇದರ ಮೇಲೆ ನಿಂತಿದೆ.

ಹೊಂಗೆಮರ ಅವರ ಮೂರನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ. ಪೀಟರ್ ಕೋಲೆಸಾರ್, ವಾರನ್ ವಾಕರ್ 1974ರಲ್ಲಿ ಪ್ರಕಟಿಸಿದ ರಿಲೊಕೇಶನ್ ವಿಧಾನ ನಗರವನ್ನು ಸಣ್ಣ ಸಣ್ಣ ನೆರೆಹೊರೆಗಳಾಗಿ ನೋಡುತ್ತದೆ. ಒಂದು ನೆರೆಹೊರೆಗೆ ಹತ್ತಿರದ ಕಂಪನಿಗಳೆಲ್ಲ ಹೊರಗಿದ್ದರೆ ಅದು ರಕ್ಷಣೆಯಿಲ್ಲದ ಜಾಗ. ಯಾವ ಖಾಲಿ ಠಾಣೆ ತುಂಬಿದರೆ ಅಂಥ ಜಾಗಗಳು ಮುಚ್ಚುತ್ತವೆ, ಯಾರನ್ನು ಎಬ್ಬಿಸಿದರೆ ಅವರ ಊರು ಬರಿದಾಗುವುದಿಲ್ಲ ಎಂದು ಆ ಕ್ಷಣದ ಸ್ಥಿತಿಯ ಮೇಲೆ ಲೆಕ್ಕ ಹಾಕುತ್ತದೆ. ದೂರದ ಕಂಪನಿ ಠಾಣೆಯಲ್ಲಿ ಕೂತದ್ದು ಮುಂದಿನ ಬೆಂಕಿಗಾಗಿ.

ಕೆಂಪುಲಾರಿ

ವರ್ಗಮೂಲ ಅವರು ಚೆನ್ನಾಗಿ ಬರೆದಿದ್ದಾರೆ, ಆದರೆ ಕಥೆಯ ಇನ್ನೊಂದು ಮುಖ ಬಿಟ್ಟಿದ್ದಾರೆ. 1972ರಿಂದ ಆ ದಶಕದ ಮಧ್ಯದವರೆಗೆ ಹಲವು ಕಂಪನಿಗಳನ್ನು ಮುಚ್ಚಿದರು, ಕೆಲವನ್ನು ಬೇರೆಡೆಗೆ ಸಾಗಿಸಿದರು. ಸಮರ್ಥನೆಗೆ ತೋರಿಸಿದ್ದು ಇದೇ ಮಾದರಿಗಳನ್ನು. ಪೆಟ್ಟು ಬಿದ್ದದ್ದು ಬೆಂಕಿ ಹೆಚ್ಚಿದ್ದ ಬಡ ಬಡಾವಣೆಗಳಿಗೆ. ಸಂಶೋಧಕರಾದ ರಾಡ್ರಿಕ್ ವಾಲೇಸ್, ಡೆಬೊರಾ ವಾಲೇಸ್ ಇದನ್ನು ವರ್ಷಗಟ್ಟಲೆ ಪ್ರಶ್ನಿಸಿದ್ದಾರೆ.

ದೋಷ ಎಲ್ಲಿದೆ ಎಂದು ನಿಮ್ಮ ಸೂತ್ರದಲ್ಲೇ ತೋರಿಸಬಹುದು. 10 ಎಂಜಿನ್ ಇರುವಲ್ಲಿ ಒಂದು ತೆಗೆದರೆ ದೂರ ಸುಮಾರು 5 ಶೇಕಡ ಹೆಚ್ಚುತ್ತದೆ. 3 ಇರುವಲ್ಲಿ ಒಂದು ತೆಗೆದರೆ 22 ಶೇಕಡ. ಹಾಗಾಗಿ ಠಾಣೆಗಳು ಒತ್ತಾಗಿರುವ ದಕ್ಷಿಣ ಬ್ರಾಂಕ್ಸ್‌ನಲ್ಲಿ ಮುಚ್ಚುವುದು ಅಗ್ಗ ಎಂದು ಕಾಗದದಲ್ಲಿ ಕಾಣುತ್ತದೆ. ಆದರೆ ಆ ಹತ್ತರಲ್ಲಿ ಏಳು ಸಂಜೆ ಹೊರಗಿರುತ್ತವೆ! ನಿಜವಾಗಿ ತೆಗೆದದ್ದು ಹತ್ತರಲ್ಲಿ ಒಂದನ್ನಲ್ಲ, ಮೂರರಲ್ಲಿ ಒಂದನ್ನು.

ಪ್ರಯಾಣದ ಸಮಯವೊಂದನ್ನೇ ಅಳೆದದ್ದೂ ತಪ್ಪು. ಒಂದೇ ಪಾಳಿಯಲ್ಲಿ ಮತ್ತೆ ಮತ್ತೆ ಬೆಂಕಿಗೆ ನುಗ್ಗಿದ ತಂಡ ಐದನೇ ಮಹಡಿಗೆ ಹೋಸ್ ಎಳೆಯಲು ತೆಗೆದುಕೊಳ್ಳುವ ಸಮಯ ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ವರ್ಗಮೂಲ

ಒಪ್ಪುತ್ತೇನೆ. ನಿಯಮದ ಛೇದದಲ್ಲಿ ಇರಬೇಕಾದದ್ದು ಬಿಡುವಾಗಿರುವ ಗಾಡಿಗಳು, ಮೂಲ ಪ್ರಬಂಧದಲ್ಲೂ ಹಾಗೆಯೇ ಇದೆ. ಇಡೀ ದಿನದ ಸರಾಸರಿ ಹಾಕಿದರೆ ಸಂಜೆಯ ಕೊರತೆ ಬೆಳಗಿನ ಜಾವದ ಬಿಡುವಿನಲ್ಲಿ ಕರಗಿಹೋಗುತ್ತದೆ. ಯಾರಾದರೂ ಈ ಲೆಕ್ಕ ಬಳಸುವುದಾದರೆ ಅತಿ ಬಿಡುವಿಲ್ಲದ ಗಂಟೆಯನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಡಿಸ್ಪ್ಯಾಚ್ ನಿಯಮಕ್ಕೆ ಈ ಗಣಿತ ಚೆನ್ನಾಗಿ ಹೊಂದಿತು. ಠಾಣೆ ಮುಚ್ಚುವ ತೀರ್ಮಾನಕ್ಕೆ ಇದೊಂದನ್ನೇ ಆಧಾರ ಮಾಡಿಕೊಂಡದ್ದು ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯ.

ಲ್ಯಾಡರ್ ಬಗ್ಗೆ ಒಂದು ಮಾತು. ನ್ಯೂಯಾರ್ಕ್‌ನಲ್ಲಿ ಎಂಜಿನ್‌ಗಳು ಸುಮಾರು 200, ಲ್ಯಾಡರ್‌ಗಳು 143. ಅದೇ ನಿಯಮದಂತೆ ಲ್ಯಾಡರ್‌ನ ಸರಾಸರಿ ದೂರ ಸುಮಾರು 18 ಶೇಕಡ ಜಾಸ್ತಿ. ಒಂದು ಲ್ಯಾಡರ್ ಸಣ್ಣ ಕೆಲಸಕ್ಕೆ ಸಿಕ್ಕಿಕೊಂಡರೆ ಆಗುವ ನಷ್ಟ ಎಂಜಿನ್‌ಗಿಂತ ದೊಡ್ಡದು.

ತಂತಿಮನೆ

1970ರ ದಶಕದಲ್ಲಿ ಇನ್ನೆರಡು ಬದಲಾವಣೆ. ಮೊದಲನೆಯದು ಮಾತಾಡುವ ಪೆಟ್ಟಿಗೆ: ಗುಂಡಿ ಒತ್ತಿ ಡಿಸ್ಪ್ಯಾಚರ್ ಜೊತೆ ಮಾತಾಡಬಹುದು. ಯಾರೂ ಮಾತಾಡದಿದ್ದರೆ ಪೂರ್ತಿ ತಂಡ ಕಳಿಸದೆ ಕಡಿಮೆ ಗಾಡಿ ಕಳಿಸಿದರು. ಸುಳ್ಳು ಕರೆಗೆ ಇದು ನೇರ ಮದ್ದು. 1990ರ ದಶಕದಲ್ಲಿ ಬೀದಿ ಪೆಟ್ಟಿಗೆಗಳನ್ನೇ ತೆಗೆಯಲು ನಗರಾಡಳಿತ ಹೊರಟಾಗ ಕಿವುಡರ ಸಂಘ ನ್ಯಾಯಾಲಯಕ್ಕೆ ಹೋಯಿತು, 1996ರಲ್ಲಿ ತೀರ್ಪು ಅವರ ಪರ ಬಂತು. ಬೀದಿಯಲ್ಲಿ ಫೋನ್ ಬಳಸಲಾಗದವರಿಗೆ ಬೇರೆ ದಾರಿ ಇರಲಿಲ್ಲ.

ಎರಡನೆಯದು ಕಂಪ್ಯೂಟರ್. ಕಾರ್ಡುಗಳು ಅದರ ಒಳಗೆ ಹೋದವು, ಬಾಕ್ಸ್ ಸಂಖ್ಯೆಗಳು ವಿಳಾಸದ ಗುರುತಾಗಿ ಉಳಿದವು. ಈಗ ಫೋನ್ ಕರೆಯ ವಿಳಾಸವನ್ನು ಯಂತ್ರ ಹತ್ತಿರದ ಬಾಕ್ಸಿಗೆ ಜೋಡಿಸಿ, ಆ ಬಾಕ್ಸಿನ ಪಟ್ಟಿಯಿಂದ ಬಿಡುವಾಗಿರುವವರನ್ನು ಸೂಚಿಸುತ್ತದೆ. ಒಬ್ಬ ಕರೆ ತೆಗೆದುಕೊಳ್ಳುತ್ತಾನೆ, ಇನ್ನೊಬ್ಬ ಸೂಚನೆ ನೋಡಿ ಒಪ್ಪುತ್ತಾನೆ ಅಥವಾ ಬದಲಿಸುತ್ತಾನೆ, ಮೂರನೆಯವ ರೇಡಿಯೊ ನಡೆಸುತ್ತಾನೆ. ತೀರ್ಮಾನ ಮನುಷ್ಯನದೇ.

2009ರಲ್ಲಿ ತುರ್ತು ಕರೆ ಸಂಖ್ಯೆ 911ರ ಪೊಲೀಸ್ ನಿರ್ವಾಹಕರೇ ಬೆಂಕಿ ಕರೆಯ ಪ್ರಶ್ನೆಗಳನ್ನೂ ಕೇಳುವ ಪದ್ಧತಿ ಬಂತು. ಕರೆ ವರ್ಗಾಯಿಸುವ ಸಮಯ ಉಳಿಯಿತು. ಆದರೆ ಬೆಂಕಿ ಡಿಸ್ಪ್ಯಾಚರ್ ಸಹಜವಾಗಿ ಕೇಳುತ್ತಿದ್ದ ಪ್ರಶ್ನೆಗಳು, ಅಡ್ಡರಸ್ತೆ ಯಾವುದು, ಹೊಗೆ ಯಾವ ಮಹಡಿ, ಬಿಟ್ಟುಹೋಗುವ ಅಪಾಯ ಹುಟ್ಟಿತು.

ಕ್ವೀನ್ಸ್‌ವಾಸಿ

ಅಡ್ಡರಸ್ತೆ ಎಷ್ಟು ಮುಖ್ಯ ಅನ್ನೋದಕ್ಕೆ ನ್ಯೂಯಾರ್ಕ್‌ನ ಕ್ವೀನ್ಸ್ ಭಾಗ ನೋಡಿ. 60ನೇ ಅವೆನ್ಯೂ, 60ನೇ ರೋಡ್, 60ನೇ ಡ್ರೈವ್ ಒಂದರ ಪಕ್ಕ ಒಂದು ಇರುತ್ತವೆ. 60ನೇ ಸ್ಟ್ರೀಟ್, 60ನೇ ಪ್ಲೇಸ್, 60ನೇ ಲೇನ್ ಅವಕ್ಕೆ ಅಡ್ಡವಾಗಿ ಹೋಗುತ್ತವೆ. ಕರೆ ಮಾಡಿದವರು ‘60ನೇ’ ಅಂತ ಹೇಳಿ ಕೊನೆಯ ಪದ ನುಂಗಿದರೆ ಆರು ಜಾಗ ಸಾಧ್ಯ. ಮನೆ ನಂಬರಿನಲ್ಲಿ ಅಡ್ಡಗೆರೆಗಿಂತ (ಹೈಫನ್) ಮುಂಚಿನ ಅಂಕಿ ಅಡ್ಡರಸ್ತೆ ಸೂಚಿಸುತ್ತೆ, ಅದನ್ನ ಹಿಡಿದು ತಾಳೆ ನೋಡ್ತಾರೆ. ಕರೆ ಮಾಡೋರು ಮೊದಲು ವಿಳಾಸ, ಅಡ್ಡರಸ್ತೆ, ಮಹಡಿ ಹೇಳಬೇಕು. ಏನು ಉರೀತಿದೆ ಅನ್ನೋದು ಆಮೇಲೆ. ವಿಳಾಸ ಸಿಕ್ಕಿ ಫೋನ್ ಕಡಿದುಹೋದರೂ ಗಾಡಿ ಹೊರಡುತ್ತೆ.

ಹೊಂಗೆಮರ

ಎಲ್ಲ ಗಾಡಿಗೂ ಜಿಪಿಎಸ್ ಇರುವಾಗ ಕಾರ್ಡೇ ಬೇಡವಲ್ಲ? ಯಾರು ಹತ್ತಿರ ಇದ್ದಾರೋ ಅವರನ್ನು ಕಳಿಸಿದರೆ ಆಯಿತು.

ಗಂಟೆಗೋಪುರ

ಅಮೆರಿಕದ ಅನೇಕ ನಗರಗಳು ಹಾಗೆ ಮಾಡುತ್ತಿವೆ, ಎಡವುವ ಜಾಗಗಳೂ ಗೊತ್ತಾಗಿವೆ. ನೇರ ಗೆರೆಯ ದೂರ ನೋಡಿದರೆ ನದಿಯಾಚೆಯ ಗಾಡಿ ಹತ್ತಿರ ಕಾಣುತ್ತದೆ. ಹೆದ್ದಾರಿಯ ಎದುರು ದಿಕ್ಕಿನಲ್ಲಿ ಹೋಗುತ್ತಿರುವ ಗಾಡಿ ನೂರು ಅಡಿ ದೂರದಲ್ಲಿದ್ದರೂ ಮುಂದಿನ ತಿರುವಿನವರೆಗೆ ಹೋಗಿ ಬರಬೇಕು. ಇನ್ನು ಹೊರಗಿನಿಂದ ಬಂದ ತಂಡಕ್ಕೆ ಆ ಬೀದಿಯ ಕಟ್ಟಡಗಳ ಪರಿಚಯ ಇರುವುದಿಲ್ಲ. ಸರದಿ ರಸ್ತೆಯಲ್ಲಿ ಬದಲಾದರೆ, ಎರಡನೆಯವರೆಂದು ಹೊರಟವರು ಮೊದಲಿಗರಾಗಿ ಬಂದು ಯಾರು ಮೇಲಿನ ಮಹಡಿಗೆ ಎಂಬ ಗೊಂದಲ. ಆದ್ದರಿಂದ ಸರದಿ ಬದಲಾದಾಗ ಡಿಸ್ಪ್ಯಾಚರ್ ಬಾಯಿಬಿಟ್ಟು ಹೇಳಲೇಬೇಕು: ‘ನೀವೀಗ ಮೊದಲ ಲ್ಯಾಡರ್.’

ಈಗಿನ ನ್ಯೂಯಾರ್ಕ್ ಪದ್ಧತಿ ಹೀಗಿದೆ. ಮೊದಲು 3 ಎಂಜಿನ್, 2 ಲ್ಯಾಡರ್, ಚೀಫ್. ಸ್ಥಳ ತಲುಪಿದವರು ಬೆಂಕಿ ಕಂಡು 10-75 ಎಂಬ ರೇಡಿಯೊ ಸಂಕೇತ ಕೊಟ್ಟರೆ ನಾಲ್ಕನೆಯ ಎಂಜಿನ್, ಸಿಕ್ಕಿಕೊಂಡ ಸಿಬ್ಬಂದಿಯನ್ನು ಕಾಪಾಡಲೆಂದೇ ನಿಲ್ಲುವ ಮೂರನೆಯ ಲ್ಯಾಡರ್, ವಿಶೇಷ ತಂಡಗಳಾದ ಒಂದು ರೆಸ್ಕ್ಯೂ, ಒಂದು ಸ್ಕ್ವಾಡ್, ಎರಡನೆಯ ಚೀಫ್ ಸೇರುತ್ತಾರೆ. ಒಂದೇ ವಿಳಾಸಕ್ಕೆ ಕರೆಗಳ ಮೇಲೆ ಕರೆ ಬಂದರೆ ಡಿಸ್ಪ್ಯಾಚರ್ ಆ ಸಂಕೇತಕ್ಕೆ ಕಾಯದೆ ಹೆಚ್ಚಿಸುತ್ತಾನೆ. ಏನೂ ಇಲ್ಲದಿದ್ದರೆ ಚೀಫ್ 10-18 ಕೊಟ್ಟು ಒಂದು ಎಂಜಿನ್, ಒಂದು ಲ್ಯಾಡರ್ ಇಟ್ಟುಕೊಂಡು ಉಳಿದವರನ್ನು ಬಿಡುತ್ತಾನೆ. ಈ ಬಿಡುಗಡೆ ಐದು ನಿಮಿಷ ತಡವಾದರೆ ವರ್ಗಮೂಲ ಅವರ ಲೆಕ್ಕದಲ್ಲಿ ಊರೆಲ್ಲ ಅದರ ಬೆಲೆ ತೆರುತ್ತದೆ.

2010ರಲ್ಲಿ ಕ್ವೀನ್ಸ್‌ನಿಂದ ಇನ್ನೊಂದು ಸುಧಾರಣೆ ಶುರುವಾಯಿತು. ನೀರಿನ ಸೋರಿಕೆ, ಬಿದ್ದ ಮರ, ತಂತಾನೇ ಬಡಿದ ಅಲಾರಂನಂಥ ಕರೆಗಳಿಗೆ ಸೈರನ್ ಹಾಕದೆ ಸಾಧಾರಣ ವೇಗದಲ್ಲಿ ಹೋಗುವ 10-20 ಪದ್ಧತಿ. ಗಾಡಿಗಳ ಸಂಖ್ಯೆ ಇಳಿಸದೆ ಅಪಘಾತ ಇಳಿಸುವ ದಾರಿ ಇದು.

ಇಂದಿನ ದೊಡ್ಡ ತೊಡಕು ವೈದ್ಯಕೀಯ ಕರೆಗಳು. 1990ರ ದಶಕದ ಮಧ್ಯದಿಂದ ಎಂಜಿನ್‌ಗಳು ಅವಕ್ಕೂ ಹೋಗುತ್ತಿವೆ. ಎಂಜಿನ್ ಹೃದಯಾಘಾತದ ಕರೆಯಲ್ಲಿದ್ದಾಗ ಅದೇ ಠಾಣೆಯ ಲ್ಯಾಡರ್ ಒಂಟಿಯಾಗಿ ಬೆಂಕಿಗೆ ಹೊರಡುತ್ತದೆ. ಆಗ ಕ್ಯಾನಿನ ಎರಡೂವರೆ ಗ್ಯಾಲನ್ನೇ ಮೊದಲ ನೀರು. ಒಳಕೋಣೆಯ ಬಾಗಿಲು ಎಳೆದು ಮುಚ್ಚಿ ಬೆಂಕಿಯನ್ನು ಅಲ್ಲೇ ತಡೆಯುವುದು ಮುಖ್ಯ ಕೆಲಸವಾಗುತ್ತದೆ.

ಹೊಂಗೆಮರ

ಕೊನೆಯ ಪ್ರಶ್ನೆ. ಬೆಂಗಳೂರಿಗೆ 2023ರಲ್ಲಿ 90 ಮೀಟರ್ ಎತ್ತರದ ಏಣಿ ಗಾಡಿ ಬಂತು. ಅದಕ್ಕೆ ಈ ಲೆಕ್ಕ ಅನ್ವಯಿಸುತ್ತದೆಯೇ?

ವರ್ಗಮೂಲ

ವರ್ಗಮೂಲ ನಿಯಮಕ್ಕೆ ಹಲವು ಗಾಡಿಗಳು ಬೇಕು, ಒಂದೇ ಗಾಡಿಗೆ ಅದು ಹೊಂದುವುದಿಲ್ಲ. ಅಂಥ ಗಾಡಿಗೆ ಎರಡೇ ತೀರ್ಮಾನ: ಎಲ್ಲಿ ನಿಲ್ಲಿಸಬೇಕು, ಯಾವಾಗ ಕಳಿಸಬೇಕು. ಮೊದಲು ಹೋದವರು ನೋಡಿ ಕೇಳಲಿ ಎಂದು ಕಾದರೆ ಸಂಚಾರ ದಟ್ಟಣೆಯಲ್ಲಿ ಅದು ಕೆಲಸಕ್ಕೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಎತ್ತರದ ಕಟ್ಟಡಗಳ ಪಟ್ಟಿಯನ್ನು ವಿಳಾಸದ ಜೊತೆ ಮೊದಲೇ ಜೋಡಿಸಿಟ್ಟು, ಆ ವಿಳಾಸದಿಂದ ಹೊಗೆಯ ಕರೆ ಬಂದ ಕೂಡಲೇ ವಾಟರ್ ಟೆಂಡರ್ ಜೊತೆಗೇ ಹೊರಡಿಸಬೇಕು. ಬೇಡವಾದರೆ ಅರ್ಧ ದಾರಿಯಿಂದ ವಾಪಸ್ ಕರೆಯಬಹುದು.

ಗಂಟೆಗೋಪುರ

ಆ ಪಟ್ಟಿಯಲ್ಲಿ ಎತ್ತರದ ಜೊತೆ ಇನ್ನೂ ಮೂರು ಅಂಶ ಬರೆದಿಡಬೇಕು: ಗೇಟಿನ ಅಗಲ, ಗಾಡಿಯ ಪಕ್ಕದ ಕಾಲುಗಳನ್ನು ಚಾಚಲು ಇರುವ ಜಾಗ, ನೆಲದ ಕೆಳಗೆ ಪಾರ್ಕಿಂಗ್ ಇದ್ದರೆ ಆ ಚಪ್ಪಡಿ ಎಷ್ಟು ಭಾರ ತಡೆಯುತ್ತದೆ ಎಂಬುದು. ಏಣಿ ನಿಲ್ಲಲು ಜಾಗವೇ ಇಲ್ಲದ ಕಟ್ಟಡಕ್ಕೆ ಅದನ್ನು ಕಳಿಸುವ ಬದಲು ಮೆಟ್ಟಿಲು ಹತ್ತಿ ಹೋಸ್ ಒಯ್ಯಲು ಇನ್ನೆರಡು ಗಾಡಿ ಸಿಬ್ಬಂದಿ ಕಳಿಸುವುದು ಮೇಲು.